ಮೇಷ್ಟ್ರು ಕುಡಿದ ಹಗುರ ನೀರು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ವ್ಯಕ್ತಿಯನ್ನು ಇಲ್ಲಿ ಮೇಷ್ಟ್ರು ಅಂತಷ್ಟೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರು ಒಪ್ಪಿದ್ದಾರೆ. ಕರಡು ಓದಿ ಎರಡು ಕಡೆ ನನ್ನ ಲೆಕ್ಕವನ್ನೂ ತಿದ್ದಿದ್ದಾರೆ.

ಹಿನ್ನೆಲೆ

ಮೇಷ್ಟ್ರಿಗೆ 71 ವರ್ಷ. ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಬಿಪಿಗೆ ಒಂದು ಮಾತ್ರೆ, ಆಗಾಗ ಮೊಣಕಾಲು ನೋವು. ಅಷ್ಟು ಬಿಟ್ಟರೆ ಗಟ್ಟಿ. ನಾನು ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅಳೆಯುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಒಂದು ದಿನ ಅವರು ಕೈಯಲ್ಲೊಂದು ಬಾಟಲಿ ಹಿಡಿದು ಬಂದರು. ಡ್ಯೂಟೀರಿಯಂ ಕಡಿಮೆ ಮಾಡಿದ ನೀರು, ಅಂದರೆ ಹಗುರ ನೀರು. ಲೇಬಲ್ ಮೇಲೆ 25 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 25, ಅಂತ ಇತ್ತು. "ಇದು ಮುಪ್ಪು ತಡೆಯುತ್ತಂತೆ. ಇದರಲ್ಲಿ ನಿಜವಾಗ್ಲೂ 25 ಇದೆಯಾ, ಅಳೆದುಕೊಡಯ್ಯ" ಅಂದರು.

ಡ್ಯೂಟೀರಿಯಂ ಅಂದರೆ ಹೈಡ್ರೋಜನ್ನಿನ ಅಣ್ಣ. ಒಂದು ನ್ಯೂಟ್ರಾನ್ ಜಾಸ್ತಿ ಇರುವುದರಿಂದ ತೂಕ ಎರಡರಷ್ಟು. ಇದು ವಿಕಿರಣ ಸೂಸುವುದಿಲ್ಲ, ಕೊಳೆಯುವುದಿಲ್ಲ. ಹಾಗಾಗಿಯೇ ಇದು ಸ್ಥಿರ ಐಸೋಟೋಪ್. ಹೆರಾಲ್ಡ್ ಯೂರಿ 1931ರಲ್ಲಿ ಇದನ್ನು ಪತ್ತೆ ಮಾಡಿದರು, 1934ರಲ್ಲಿ ಅದಕ್ಕೆ ನೊಬೆಲ್ ಬಂತು. ಸಮುದ್ರದ ನೀರಿನಲ್ಲಿ ಹತ್ತು ಲಕ್ಷ ಹೈಡ್ರೋಜನ್ ಪರಮಾಣುಗಳಿಗೆ ಸುಮಾರು 156 ಡ್ಯೂಟೀರಿಯಂ ಇರುತ್ತವೆ. ಅಂಟಾರ್ಕ್ಟಿಕದ ಹಿಮದಲ್ಲಿ 90ರ ಆಸುಪಾಸಿಗೆ ಇಳಿಯುತ್ತದೆ. ನಾವು ಸಾಮಾನ್ಯವಾಗಿ ಕುಡಿಯುವ ನೀರು 150ರ ಹತ್ತಿರ. ಮೇಷ್ಟ್ರ ಮೈಯಲ್ಲಿರುವ 35 ಲೀಟರ್ ನೀರಿನ ಡ್ಯೂಟೀರಿಯಂ ಅಷ್ಟನ್ನೂ ಒಟ್ಟುಗೂಡಿಸಿದರೆ ಒಂದು ಟೀ ಚಮಚದಷ್ಟು ಭಾರಜಲ (ಮಾಮೂಲಿ ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ನೀರು) ಆದೀತು.

ಅವರು ಓದಿದ್ದ ವಾದ ಹೀಗಿತ್ತು. ಜೀವಕೋಶದ ಮೈಟೋಕಾಂಡ್ರಿಯಾದಲ್ಲಿ ಪುಟ್ಟ ಮೋಟಾರುಗಳಿವೆ. ಹೈಡ್ರೋಜನ್ ಅಯಾನು ಒಳಗೆ ನುಗ್ಗಿದಾಗ ಅವು ತಿರುಗಿ ಶಕ್ತಿ ತಯಾರಿಸುತ್ತವೆ. ಮಧ್ಯೆ ಭಾರದ ಡ್ಯೂಟೀರಿಯಂ ಬಂದರೆ ಮೋಟಾರು ತಡವರಿಸುತ್ತದೆ. ವರ್ಷಗಟ್ಟಲೆ ಹೀಗೆ ತಡವರಿಸಿದ್ದೇ ಮುಪ್ಪು. ಆದ್ದರಿಂದ ಡ್ಯೂಟೀರಿಯಂ ಕಡಿಮೆ ಮಾಡಿ.

ಇದರಲ್ಲಿ ನಿಜ ಇಲ್ಲದೇ ಇಲ್ಲ. ಮೋಟಾರು ಇದೆ, ತಿರುಗುವುದೂ ಹೌದು. ಇಂಗಾಲಕ್ಕೆ ಅಂಟಿದ ಡ್ಯೂಟೀರಿಯಂ ಬಿಡಿಸಿಕೊಳ್ಳಲು ಮಾಮೂಲಿ ಹೈಡ್ರೋಜನ್ನಿಗಿಂತ ಜಾಸ್ತಿ ಹೊತ್ತು ಬೇಕು. ಕೋಣೆಯ ತಾಪದಲ್ಲಿ ಆರೇಳು ಪಟ್ಟು ನಿಧಾನ ಆಗುವ ಕ್ರಿಯೆಗಳೂ ಇವೆ. ಭಾರಜಲ ಜಾಸ್ತಿಯಾದರೆ ಪ್ರಾಣಿಗಳಿಗೆ ತೊಂದರೆ ಅನ್ನುವುದೂ ಹೌದು. ಇಲಿಯ ಮೈನೀರಿನಲ್ಲಿ ಕಾಲು ಭಾಗ ಭಾರಜಲ ಆದರೆ ಮರಿ ಹಾಕುವ ಶಕ್ತಿ ಹೋಗುತ್ತದೆ, ಅರ್ಧದ ಹತ್ತಿರ ಬಂದರೆ ಸಾಯುತ್ತದೆ. ಆದರೆ ಕಾಲು ಭಾಗ ಅಂದರೆ 2,50,000 ಪಿಪಿಎಂ. ಅಲ್ಲಿಂದ ಸೀದಾ 150ಕ್ಕೆ ಜಿಗಿದು "ಇದೂ ವಿಷ" ಅನ್ನುವುದು ಬೇರೆ ಮಾತು.

ತಮಾಷೆ ಅಂದರೆ, ಮುಪ್ಪಿನ ಅಧ್ಯಯನದಲ್ಲೇ ಇದಕ್ಕೆ ತದ್ವಿರುದ್ಧವಾಗಿ ಯೋಚಿಸುವವರಿದ್ದಾರೆ. ಡ್ಯೂಟೀರಿಯಂ ತೆಗೆಯಬೇಡಿ, ಸರಿಯಾದ ಜಾಗಕ್ಕೆ ಸೇರಿಸಿ ಅನ್ನುತ್ತಾರೆ ಅವರು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮಾಡಿದ ಮೊದಲ ತಪ್ಪು

ಬಾಟಲಿ ಅಳೆದೆ. ಲೇಬಲ್‌ನಲ್ಲಿ ಹೇಳಿದಷ್ಟೇ ಇತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಕುಡಿಯಿರಿ ಸರ್, ವಾರಕ್ಕೊಮ್ಮೆ ಜೊಲ್ಲು ಕೊಡಿ, ಮೈಯಲ್ಲಿ ಎಷ್ಟು ಇಳಿಯುತ್ತೆ ನೋಡೋಣ" ಅಂದುಬಿಟ್ಟೆ. ಅವರ ವೈದ್ಯರಿಗೆ ಹೇಳಿಸಿದೆ, ಅವರದೇನೂ ಅಡ್ಡಿ ಇರಲಿಲ್ಲ. ಆದರೆ ಒಂದು ಪ್ರಶ್ನೆ ಕೇಳುವುದೇ ಮರೆತೆ: ಏನು ಕಂಡರೆ ಇದು ಕೆಲಸ ಮಾಡಿದೆ ಅಂತೀರಿ, ಏನು ಕಂಡರೆ ಇಲ್ಲ ಅಂತೀರಿ? ಅಳೆಯುವ ಯಂತ್ರ ಕೈಯಲ್ಲಿದ್ದರೆ ಅಳೆಯುವ ಚಪಲ ಜಾಸ್ತಿ.

ಮೇಷ್ಟ್ರು ಒಂದು ಗೀಟು ಹಾಕಿದ ನೋಟ್‌ಬುಕ್ ತಂದಿಟ್ಟುಕೊಂಡರು. ಬೆಳಗ್ಗೆ ಎದ್ದ ಕೂಡಲೇ "ಮೈ ಎಷ್ಟು ಹಗುರ" ಅಂತ ಹತ್ತಕ್ಕೆ ಅಂಕ. ವಾರಕ್ಕೊಮ್ಮೆ ಕುರ್ಚಿ ಪರೀಕ್ಷೆ: ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರುತ್ತಾರೆ ಅಂತ ಎಣಿಸುವುದು. ವಯಸ್ಸಾದವರ ಕಾಲಿನ ಬಲ ನೋಡಲು ಇದು ಸರಳ ದಾರಿ, ಖರ್ಚೂ ಇಲ್ಲ. ರಕ್ತದಿಂದ "ಜೈವಿಕ ವಯಸ್ಸು" ಹೇಳುವ ಪರೀಕ್ಷೆ ಮಾಡಿಸೋಣವಾ ಅಂತಲೂ ಕೇಳಿದರು. ಬೇಡ ಅಂದೆ. ಅಂಥ ಕೆಲವು ಪರೀಕ್ಷೆಗಳಲ್ಲಿ ಒಂದೇ ಮಾದರಿಯನ್ನು ಎರಡು ಸಲ ಅಳೆದರೂ ಉತ್ತರದಲ್ಲಿ ಕೆಲವು ವರ್ಷಗಳ ವ್ಯತ್ಯಾಸ ಬರುವುದುಂಟು. ಆರು ವಾರದಲ್ಲಿ ಆಗಬಹುದಾದ ಬದಲಾವಣೆಯನ್ನು ಅದರಲ್ಲಿ ಹುಡುಕುವುದು ವ್ಯರ್ಥ.

ಮೊದಲ ಆರು ವಾರ

ದಿನಕ್ಕೆ ಒಂದೂವರೆ ಲೀಟರ್ ಕುಡಿಯುತ್ತೇನೆ ಅಂದರು ಮೇಷ್ಟ್ರು. ಮೈ 25ಕ್ಕೆ ಇಳಿಯುತ್ತದೆ ಅಂತ ಅವರ ನಂಬಿಕೆ. ಅದು ಆಗಲ್ಲ. ಕುಡಿಯುವ ನೀರಿನ ಜೊತೆ ಊಟದಲ್ಲೂ ನೀರಿದೆ. ಊಟ ಕರಗಿ ಉರಿಯುವಾಗ ಮೈಯೊಳಗೇ ನೀರು ಹುಟ್ಟುತ್ತದೆ. ಅವೆಲ್ಲ 150ರ ಹತ್ತಿರದವು. ದಿನಕ್ಕೆ ಒಟ್ಟು ಮೂರು ಲೀಟರ್ ಒಳಗೆ ಹೋಗುತ್ತದೆ, ಅದರಲ್ಲಿ ಅರ್ಧ ಮಾತ್ರ ಹಗುರ ನೀರು ಅಂದುಕೊಂಡರೆ, ಮೈ ಕೊನೆಗೆ ನಿಲ್ಲುವುದು 87ರ ಹತ್ತಿರ. ಇದನ್ನು ಹೇಳಿದಾಗ ಅವರ ಮುಖ ಅರಳಿತು. ಲೆಕ್ಕ ಅಂದರೆ ಅವರಿಗೆ ಹಾಗೆ.

ಮೊದಲೆರಡು ವಾರ ಅಂಕಿ ಚೆನ್ನಾಗಿ ಇಳಿಯಿತು. ಮೂರನೇ ವಾರ ಏರಿತು! ಏನೇನೋ ಕಾರಣ ಯೋಚಿಸಿದೆವು. ಕೊನೆಗೆ ನೋಡಿದರೆ ಜೊಲ್ಲಿನ ಶೀಶೆಯ ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ನೀರು ಆವಿಯಾಗುವಾಗ ಹಗುರವಾದದ್ದು ಮೊದಲು ಹಾರುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಅಷ್ಟು ಸಣ್ಣ ಶೀಶೆಯಲ್ಲಿ ಒಂದಿಷ್ಟು ಆವಿ ಹೋದರೂ ಅಂಕಿ ಕೆಡುತ್ತದೆ. ಯಂತ್ರದ ಕಾಟ ಬೇರೆ. ಹಿಂದಿನ ಮಾದರಿಯ ಹನಿ ಒಳಗೆ ಉಳಿದುಕೊಂಡು ಮುಂದಿನದ್ದಕ್ಕೆ ಬೆರೆಯುತ್ತದೆ, ಅದಕ್ಕೇ ಪ್ರತಿ ಮಾದರಿಯನ್ನು ಹಲವು ಸಲ ಯಂತ್ರಕ್ಕೆ ಚುಚ್ಚಿ ಅಳೆದು ಮೊದಲಿನ ಕೆಲವು ಅಂಕಿಗಳನ್ನು ಬಿಟ್ಟುಬಿಡಬೇಕು. ಅಂದಿನಿಂದ ಮುಚ್ಚಳದ ಸುತ್ತ ಪ್ಯಾರಾಫಿನ್ ಪಟ್ಟಿ ಸುತ್ತಿದೆವು.

ಆರನೇ ವಾರದ ಹೊತ್ತಿಗೆ ಮೈನೀರು 105ರ ಹತ್ತಿರ ಬಂದು ನಿಂತಿತು. ಅಷ್ಟರಲ್ಲಿ ನೋಟ್‌ಬುಕ್ ತುಂಬ ಸಂತೋಷದ ಸುದ್ದಿ. ಹಗುರದ ಅಂಕ ಐದರಿಂದ ಎಂಟಕ್ಕೆ ಏರಿತ್ತು. ಕುರ್ಚಿ ಪರೀಕ್ಷೆ 9ರಿಂದ 12ಕ್ಕೆ. ನಿದ್ದೆ ಚೆನ್ನಾಗಿ ಬರುತ್ತಿದೆ. "ನೋಡಿದೆಯಾ?" ಅಂದರು.

ನೋಡಿದೆ. ಆದರೆ ಬೇರೆ ವಿಷಯಗಳನ್ನೂ ನೋಡಿದೆ. ಅಳೆಯುತ್ತಾರೆ ಅಂತ ಗೊತ್ತಾದ ಮೇಲೆ ಅವರು ಬೆಳಗ್ಗೆ ನಡೆಯಲು ಶುರು ಮಾಡಿದ್ದರು. ರಾತ್ರಿ ಬೇಗ ಉಣ್ಣುತ್ತಿದ್ದರು. ಕುರ್ಚಿ ಪರೀಕ್ಷೆಯಲ್ಲಂತೂ ಎರಡನೇ ಸಲಕ್ಕೇ ಯಾರಾದರೂ ಸುಧಾರಿಸುತ್ತಾರೆ. ಮೈ ಅದರ ಲಯ ಕಲಿಯುತ್ತದೆ, ಅಷ್ಟೇ. ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದಾಗ ಸಿಟ್ಟಾಗಲಿಲ್ಲ, ಸುಮ್ಮನಾದರು. ಮಾತಾಡಿದ್ದು ಅವರ ಮಗಳು. "ಅಪ್ಪನಿಗೆ ಯಾವ ನೀರು ಅಂತ ಹೇಳದೇ ಕೊಟ್ಟರೆ ಆಗಲ್ವಾ?" ಇಡೀ ಪ್ರಕರಣ ತಿರುಗಿದ್ದು ಆ ಮಾತಿನಿಂದ.

ಗೊತ್ತಿಲ್ಲದೇ ಕುಡಿಯುವುದು

ಮೊದಲು ಆರು ವಾರ ಮಾಮೂಲಿ ನೀರು ಕುಡಿದು ಮೈ ಹಳೆಯ ಮಟ್ಟಕ್ಕೆ ಬರಬೇಕಿತ್ತು. ಈ ಕಾಯುವ ಕಾಲ ದಂಡ ಅಂದುಕೊಂಡಿದ್ದೆ. ಆಗಲಿಲ್ಲ. 105ರಿಂದ 150ಕ್ಕೆ ಮೇಲೇರುವ ಗೆರೆಯನ್ನು ಮೇಷ್ಟ್ರು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಎಳೆದರು. ಪ್ರತಿ ಹತ್ತು ದಿನಕ್ಕೆ ಅಂತರ ಅರ್ಧ ಆಗುತ್ತಿತ್ತು. ಅಂದರೆ ಮೈನೀರಿನ ಅರ್ಧಾಯು ಹತ್ತು ದಿನ. 35 ಲೀಟರ್ ನೀರಿಗೆ ಇದನ್ನು ಹಾಕಿ ನೋಡಿದರೆ ದಿನಕ್ಕೆ ಹೊಸದಾಗಿ ಬರುವ ನೀರು ಸುಮಾರು 2.4 ಲೀಟರ್. ನಾನು ಊಹಿಸಿದ ಮೂರು ಅಲ್ಲ. ಹಾಗಾದರೆ ಮೈ 105ಕ್ಕೆ ನಿಲ್ಲಬೇಕಾದರೆ ಅವರು ದಿನಕ್ಕೆ ಕುಡಿದ ಹಗುರ ನೀರು ಎಷ್ಟು? ಲೀಟರಿಗಿಂತ ಕಡಿಮೆ, 870 ಮಿಲಿಲೀಟರ್ ಆಸುಪಾಸು. ಒಂದೂವರೆ ಲೀಟರ್ ಅಂತ ನೋಟ್‌ಬುಕ್ಕಿನಲ್ಲಿ ದಿನಾ ಬರೆದಿದ್ದರು! "ಹೊರಗಡೆ ಹೋದಾಗ ಕುಡಿದಿದ್ದು ಲೆಕ್ಕಕ್ಕೆ ಹಿಡಿದಿರಲಿಲ್ಲ" ಅಂತ ನಕ್ಕರು. ನೋಟ್‌ಬುಕ್ ಹೇಳದ್ದನ್ನು ಜೊಲ್ಲು ಹೇಳಿತ್ತು.

ಇದು ಹೊಸ ವಿದ್ಯೆಯೇನಲ್ಲ. ಷೋನ್‌ಹೈಮರ್ ಮತ್ತು ರಿಟ್ಟನ್‌ಬರ್ಗ್ 1935ರಲ್ಲೇ ಡ್ಯೂಟೀರಿಯಂ ಸೇರಿಸಿದ ಕೊಬ್ಬನ್ನು ಪ್ರಾಣಿಗಳಿಗೆ ತಿನ್ನಿಸಿ ಮೈಯೊಳಗೆ ಅದರ ಜಾಡು ಹಿಡಿದಿದ್ದರು. ಮೈ ಅಂದರೆ ಕಟ್ಟಿ ಮುಗಿಸಿದ ಮನೆ ಅಲ್ಲ, ಸದಾ ಒಡೆದು ಕಟ್ಟುತ್ತಿರುವುದು ಅಂತ ಗೊತ್ತಾಗಿದ್ದು ಆ ಕೆಲಸದಿಂದ. ಇವತ್ತು ಇದೇ ಉಪಾಯ ಮುಪ್ಪನ್ನು ಅರಿಯಲು ಬಳಕೆಯಲ್ಲಿದೆ. ಭಾರದ ಹೈಡ್ರೋಜನ್, ಭಾರದ ಆಮ್ಲಜನಕ ಎರಡೂ ಇರುವ ನೀರು ಕುಡಿಸಿ, ಅವು ಹೊರಹೋಗುವ ವೇಗದ ವ್ಯತ್ಯಾಸದಿಂದ ಮೈ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ಕಂಡುಹಿಡಿಯುತ್ತಾರೆ. ಎಂಟು ದಿನದ ಕೂಸಿನಿಂದ 95 ವರ್ಷದವರ ತನಕ 6,421 ಜನರ ಅಂಥ ಅಳತೆಗಳನ್ನು 2021ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಮೈಯ ಗಾತ್ರದ ಲೆಕ್ಕ ಕಳೆದರೆ 20ರಿಂದ 60ರವರೆಗೆ ಖರ್ಚು ಹೆಚ್ಚುಕಮ್ಮಿ ಒಂದೇ ಸಮ, ಇಳಿಯುವುದು 60ರ ನಂತರ. ನಲವತ್ತಕ್ಕೇ ಮೈ ಉರಿಯುವುದು ಕಡಿಮೆಯಾಯ್ತು ಅಂತ ನಾವೆಲ್ಲ ದೂರುತ್ತೇವಲ್ಲ, ಆ ದೂರಿಗೆ ಅಲ್ಲಿ ಆಧಾರ ಸಿಗಲಿಲ್ಲ. ನೀರಿನದೂ ಹಾಗೇ. 2022ರಲ್ಲಿ 23 ದೇಶಗಳ 5,604 ಜನರ ಅಳತೆ ಬಂತು. ವಯಸ್ಸಾದ ಮೇಲೆ ಮೈ ದಿನಕ್ಕೆ ಬದಲಿಸುವ ನೀರು ಕಡಿಮೆಯಾಗುತ್ತದೆ. ಮೇಷ್ಟ್ರ 2.4 ಲೀಟರ್ ಅದಕ್ಕೆ ಸರಿಯಾಗೇ ಹೊಂದುತ್ತಿತ್ತು. ಅವರ ವಯಸ್ಸಿನ ಗುರುತು ಇದ್ದದ್ದು ಆ ವೇಗದಲ್ಲಿ. 150ರಲ್ಲಾಗಲಿ 105ರಲ್ಲಾಗಲಿ ಇರಲಿಲ್ಲ.

ಈಗ ಕುರುಡು ಪರೀಕ್ಷೆ. ಒಂದೇ ಥರದ ಬಾಟಲಿಗಳು, ಲೇಬಲ್ ಇಲ್ಲ. ಮಗಳು ನಾಣ್ಯ ಚಿಮ್ಮಿ ಯಾವುದು ಮೊದಲು ಅಂತ ನಿರ್ಧರಿಸಿ, ಚೀಟಿ ಬರೆದು ಲಕೋಟೆಗೆ ಹಾಕಿ ಅಂಟಿಸಿದರು. ಎರಡನೇ ದಿನವೇ ಮೇಷ್ಟ್ರ ಫೋನು. "ಇದು ಮಾಮೂಲಿ ನೀರು ಕಣಯ್ಯ. ರುಚಿ ಗೊತ್ತಾಗುತ್ತೆ."

ನನಗೆ ಆಶ್ಚರ್ಯವೇ ಆಯಿತು. ಅಪ್ಪಟ ಭಾರಜಲ ನಾಲಿಗೆಗೆ ಸ್ವಲ್ಪ ಸಿಹಿ ಅನ್ನಿಸುತ್ತದೆ ಅನ್ನುವುದು ನಿಜ, 2021ರಲ್ಲಿ ಅದನ್ನು ಪರೀಕ್ಷಿಸಿಯೇ ತೋರಿಸಿದ್ದಾರೆ. ಆದರೆ 25ಕ್ಕೂ 150ಕ್ಕೂ ವ್ಯತ್ಯಾಸ ಹಿಡಿಯುವ ನಾಲಿಗೆ ಇಲ್ಲ. ಮೇಷ್ಟ್ರು ಹಿಡಿದಿದ್ದು ಉಪ್ಪಿನಂಶವನ್ನು. ಬಾಟಲಿಯ ನೀರಿಗೆ ಲವಣ ಕಡಿಮೆ, ನಲ್ಲಿ ನೀರಿಗೆ ಜಾಸ್ತಿ. ನಾನು ಡ್ಯೂಟೀರಿಯಂ ಒಂದನ್ನೇ ನೋಡುತ್ತಾ ಕೂತಿದ್ದೆ, ನೀರಿನಲ್ಲಿ ಬೇರೇನಿದೆ ಅಂತ ನೋಡಿರಲಿಲ್ಲ. ಎರಡನೇ ತಪ್ಪು. ಎಲ್ಲ ನಿಲ್ಲಿಸಿ, ಭಟ್ಟಿ ಇಳಿಸಿದ ಮಾಮೂಲಿ ನೀರಿಗೆ ಬಾಟಲಿಯಲ್ಲಿದ್ದಷ್ಟೇ ಲವಣ ಸೇರಿಸಿ ಮತ್ತೆ ಶುರು ಮಾಡಿದೆವು. ಮಗಳು ಹೊಸದಾಗಿ ನಾಣ್ಯ ಚಿಮ್ಮಿದರು.

ಇನ್ನೊಂದು ತೂತು ಇತ್ತು. ಜೊಲ್ಲು ಅಳೆದ ಕೂಡಲೇ ಯಾವ ನೀರು ಅಂತ ನನಗೆ ಗೊತ್ತಾಗಿಬಿಡುತ್ತದೆ ಅಲ್ವಾ? ಆಮೇಲೆ ಕುರ್ಚಿ ಪರೀಕ್ಷೆ ಎಣಿಸುವಾಗ ಹನ್ನೆರಡೂವರೆಯನ್ನು ಹನ್ನೆರಡು ಅಂತಲೋ ಹದಿಮೂರು ಅಂತಲೋ ಬರೆದುಬಿಡಬಹುದು. ಅದಕ್ಕೆ ಎಣಿಸುವ ಕೆಲಸ ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಬಿಟ್ಟೆ. ಜೊಲ್ಲಿನ ಶೀಶೆಗಳನ್ನು ಅಳೆಯದೇ ಫ್ರೀಜರಿನಲ್ಲಿಟ್ಟೆ. ಈ ಸಲ ಮೊದಲೇ ಬರೆದುಕೊಂಡೆವು: ಎರಡು ಅವಧಿಗಳ ಕುರ್ಚಿ ಪರೀಕ್ಷೆಯ ಸರಾಸರಿಯಲ್ಲಿ ಎರಡು ಎಣಿಕೆಯಷ್ಟು ಅಂತರ ಇಲ್ಲದಿದ್ದರೆ, ಮತ್ತು ಯಾವ ಅವಧಿ ಅಂತ ಮೇಷ್ಟ್ರು ಸರಿಯಾಗಿ ಹೇಳದಿದ್ದರೆ, ನೀರು ಕೊಳ್ಳುವುದು ನಿಲ್ಲಿಸುವುದು. ಮೇಷ್ಟ್ರು ಸಹಿ ಹಾಕಿದರು.

ಆರು ವಾರ, ನಡುವೆ ಆರು ವಾರ ಬಿಡುವು, ಮತ್ತೆ ಆರು ವಾರ. ಬಿಡುವಿನಲ್ಲೂ ನೀರನ್ನು ಬಾಟಲಿಯಲ್ಲೇ ಕೊಟ್ಟೆವು, ಅದು ಮಾಮೂಲಿ ನೀರು ಅಂತ ಎಲ್ಲರಿಗೂ ಗೊತ್ತಿತ್ತು.

ಲಕೋಟೆ

ಒಡೆಯುವ ಮೊದಲು ಊಹೆ ಕೇಳಿದೆವು. "ಎರಡನೆಯದು. ಅನುಮಾನವೇ ಇಲ್ಲ. ಮೊಣಕಾಲು ಅಷ್ಟು ಚೆನ್ನಾಗಿತ್ತು" ಅಂದರು ಮೇಷ್ಟ್ರು. ಚೀಟಿಯಲ್ಲಿ "ಮೊದಲು" ಅಂತಿತ್ತು. ಫ್ರೀಜರಿನ ಶೀಶೆಗಳೂ ಅದನ್ನೇ ಹೇಳಿದವು: ಮೊದಲ ಅವಧಿಯಲ್ಲಿ ಮೈ 100ರ ಹತ್ತಿರ ಇಳಿದಿತ್ತು, ಎರಡನೆಯದರಲ್ಲಿ 150 ಬಿಟ್ಟು ಕದಲಿರಲಿಲ್ಲ. ಕುರ್ಚಿ ಪರೀಕ್ಷೆ ಎರಡರಲ್ಲೂ 12, 13ರ ನಡುವೆ. ಹಗುರದ ಅಂಕ ಎರಡನೆಯದರಲ್ಲೇ ತುಸು ಮೇಲೆ.

ಮೇಷ್ಟ್ರು ಚೀಟಿಯನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯಾ ಅಂತ ನೋಡಿದರು. ಇರಲಿಲ್ಲ. ಆಮೇಲೆ ಕೇಳಿದ ಪ್ರಶ್ನೆ ನನ್ನನ್ನು ಕಟ್ಟಿಹಾಕಿತು. "ಮೈನೀರಿನ ಡ್ಯೂಟೀರಿಯಂ ಮೂರರಲ್ಲಿ ಒಂದು ಪಾಲು ಹೋಯ್ತು. ಅಷ್ಟಾದರೂ ನನಗೆ ಏನೂ ಗೊತ್ತಾಗಲಿಲ್ಲ ಯಾಕೆ?"

ಇದೇ ಈ ಪ್ರಕರಣದ ತಿರುಳು, ಹಾಗಾಗಿ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬರ ಮೇಲೆ ಕೆಲವು ತಿಂಗಳು ಮಾಡಿದ ಪರೀಕ್ಷೆ ಆಯಸ್ಸಿನ ಬಗ್ಗೆ ಏನೂ ಹೇಳಲಾರದು, ಅದು ಮೊದಲ ಮಾತು. ಎರಡನೆಯದು, ಮೈಯಲ್ಲಿ ಎಷ್ಟು ಡ್ಯೂಟೀರಿಯಂ ಇದೆ ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ನೀರಿನ ಹೈಡ್ರೋಜನ್ ಒಂದು ಕ್ಷಣವೂ ಒಂದೆಡೆ ಇರುವುದಿಲ್ಲ, ಕಣದಿಂದ ಕಣಕ್ಕೆ ಹಾರುತ್ತಲೇ ಇರುತ್ತದೆ. ಇಂಗಾಲಕ್ಕೆ ಅಂಟಿದ್ದು ಹಾಗಲ್ಲ. ಕೊಬ್ಬಿನ ಕಣ ತಯಾರಾಗುವಾಗ ಅಲ್ಲಿ ಕೂತಿದ್ದು ಆ ಕಣ ಒಡೆಯುವ ತನಕ ಅಲ್ಲೇ. ಮೈಯ ಕೆಲವು ಭಾಗಗಳಂತೂ ಬದಲಾಗುವುದೇ ಅಪರೂಪ. ಭಾರದ ನೈಟ್ರೋಜನ್ ತಿನ್ನಿಸಿ ಬೆಳೆಸಿದ ಇಲಿಗಳಿಗೆ ಆಮೇಲೆ ಮಾಮೂಲಿ ಆಹಾರ ಕೊಟ್ಟು ನೋಡಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಮಿದುಳಿನ ಜೀವಕೋಶಗಳಲ್ಲಿ ನ್ಯೂಕ್ಲಿಯಸ್ಸಿನ ಬಾಗಿಲು ಕಾಯುವ ಕೆಲವು ಪ್ರೋಟೀನುಗಳಲ್ಲಿ ಒಂದು ವರ್ಷದ ನಂತರವೂ ಹಳೇ ನೈಟ್ರೋಜನ್ ಉಳಿದಿತ್ತು. ಅಂಥ ಜಾಗಗಳಿಗೆ ಆರು ವಾರದ ನೀರು ಮುಟ್ಟುವುದೂ ಇಲ್ಲ.

ತದ್ವಿರುದ್ಧ ಯೋಚಿಸುವವರ ಮಾತು ಬರುವುದು ಇಲ್ಲೇ. ನಮ್ಮ ಜೀವಕೋಶದ ಪೊರೆಯಲ್ಲಿ ಲಿನೋಲಿಕ್ ಆಮ್ಲದಂಥ ಕೊಬ್ಬಿನಾಮ್ಲಗಳಿವೆ. ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಒಂದು ಇಂಗಾಲ ಅವುಗಳ ಬಲಹೀನ ಜಾಗ. ಅಲ್ಲಿಂದ ಒಂದು ಹೈಡ್ರೋಜನ್ ಕಿತ್ತರೆ ಸರಪಳಿ ಕ್ರಿಯೆ ಶುರು: ಒಂದು ಕಣ ಕೆಟ್ಟು ಪಕ್ಕದ್ದನ್ನು ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು. ಆ ಒಂದೇ ಜಾಗದ ಎರಡು ಹೈಡ್ರೋಜನ್ ತೆಗೆದು ಡ್ಯೂಟೀರಿಯಂ ಕೂರಿಸಿದರೆ ಕೀಳುವುದು ಕಷ್ಟ, ಸರಪಳಿ ಮುಂದೆ ಹೋಗುವುದಿಲ್ಲ. ಎಲ್ಲ ಕಣಗಳನ್ನೂ ಬದಲಿಸಬೇಕಾಗಿಲ್ಲ, ನಡುನಡುವೆ ಕೆಲವು ಇದ್ದರೂ ಸಾಕು. ಕೊಬ್ಬು ಕೆಡದಂತೆ ಕಾಯುವ ಕೋಎಂಜೈಮ್ ಕ್ಯೂ ಅನ್ನುವ ವಸ್ತು ಇಲ್ಲದ ಯೀಸ್ಟ್, ಇಂಥ ಕೊಬ್ಬನ್ನು ಮಾಮೂಲಿ ರೂಪದಲ್ಲಿ ಕೊಟ್ಟರೆ ಸಾಯುತ್ತದೆ. ಡ್ಯೂಟೀರಿಯಂ ಕೂರಿಸಿದ ಕೊಬ್ಬು ಕೊಟ್ಟಾಗ ಬದುಕಿತು. ರೋಗಿಗಳಲ್ಲಿ ಆ ಭರವಸೆ ಇನ್ನೂ ಸಾಬೀತಾಗಿಲ್ಲ, ಅದನ್ನೂ ಹೇಳಬೇಕು. ಆದರೆ ಸರಿಯಾದ ಜಾಗದಲ್ಲಿ ಕೂರಿಸಿದ ಡ್ಯೂಟೀರಿಯಂ ಔಷಧಿಯಾಗಿ ಆಗಲೇ ಬಳಕೆಯಲ್ಲಿದೆ. ಕೈಕಾಲು ಹತೋಟಿ ತಪ್ಪಿ ಚಲಿಸುವ ಕಾಯಿಲೆಗೆ ಕೊಡುವ ಡ್ಯೂಟೆಟ್ರಾಬೆನಜೀನ್‌ಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಭಾರದ ಬಂಧ ಇರುವುದರಿಂದ ಅದು ಮೈಯಲ್ಲಿ ನಿಧಾನಕ್ಕೆ ಒಡೆಯುತ್ತದೆ.

ಮೇಷ್ಟ್ರು ಇದನ್ನೆಲ್ಲ ಕೇಳಿ, "ಹಾಗಾದ್ರೆ ಒಬ್ಬ ತೆಗಿ ಅಂತಾನೆ, ಒಬ್ಬ ಹಾಕು ಅಂತಾನೆ, ಇಬ್ಬರೂ ಅದೇ ಬಂಧದ ಮಾತಾಡ್ತಾರೆ" ಅಂದರು. ಹೌದು ಸರ್ ಅಂದೆ.

ಆಮೇಲೆ

ಅವರು ಆ ನೀರು ಕೊಳ್ಳುವುದು ನಿಲ್ಲಿಸಿದರು. ಬೆಳಗಿನ ನಡಿಗೆ ನಿಲ್ಲಿಸಲಿಲ್ಲ, ಕುರ್ಚಿ ಪರೀಕ್ಷೆಯನ್ನೂ ಬಿಟ್ಟಿಲ್ಲ. ಹಗುರದ ಅಂಕ ಬರೆಯುವ ಕಾಲಮ್ಮಿಗೆ ಅಡ್ಡಗೆರೆ ಎಳೆದಿದ್ದಾರೆ.

ಇದನ್ನು ಮತ್ತೆ ಮಾಡುವುದಾದರೆ ಎರಡು ವಾರ ಏನೂ ಬದಲಿಸದೇ ಬರೀ ಅಳೆಯುತ್ತೇನೆ, ಕುರ್ಚಿಯ ಅಭ್ಯಾಸ ಅಷ್ಟರಲ್ಲಿ ಮುಗಿಯಲಿ ಅಂತ. ನಡಿಗೆ, ಊಟದ ಹೊತ್ತು ಮೊದಲೇ ಗೊತ್ತು ಮಾಡಿಕೊಳ್ಳುತ್ತೇನೆ. ಮತ್ತು ನಿಲ್ಲಿಸುವ ಷರತ್ತಿಗೆ ಸಹಿ ಮೊದಲ ದಿನವೇ.

ಉಳಿದ ನಾಲ್ಕು ಬಾಟಲಿಗಳನ್ನು ಮೇಷ್ಟ್ರು ಲ್ಯಾಬಿಗೆ ತಂದುಕೊಟ್ಟರು. ಯಂತ್ರದ ಕೆಳಮಟ್ಟ ಸರಿಯಿದೆಯಾ ಅಂತ ನೋಡಲು ನಮಗೆ ಅಂಥ ನೀರು ಬೇಕೇ ಇರುತ್ತದೆ. ಹಾಗೆ ಕೊಡುವ ಮೊದಲು ಪ್ರತಿ ಬಾಟಲಿಯ ಮುಚ್ಚಳಕ್ಕೂ ಪ್ಯಾರಾಫಿನ್ ಪಟ್ಟಿ ಸುತ್ತಿದ್ದರು, ಎರಡೆರಡು ಸುತ್ತು.